ಹೇಳದೆ ಬಿಟ್ಟ ಕೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಒಂದು ನಿಯಮವಿತ್ತು. ಒದ್ದೆ ಗಂಟನ್ನು ಇಬ್ಬರು ಹಿಡಿದು ಎತ್ತಬೇಕು. ಕೈ ಸೋತವಳು ಮೊದಲು "ಬಿಡ್ತೀನಿ" ಅನ್ನಬೇಕು. ಎದುರಿನವಳು "ಬಿಡು" ಅನ್ನಬೇಕು. ಆಮೇಲೆ ಕೈ ಸಡಿಲಿಸಬೇಕು. ಮೈ ತುರಿಸಲಿ, ಮೂಗು ಸೋರಲಿ, ಮೇಸ್ತ್ರಿ ಬೊಬ್ಬೆ ಹೊಡೆಯಲಿ, "ಬಿಡು" ಎಂಬ ಮಾತು ಕಿವಿಗೆ ಬೀಳುವವರೆಗೆ ಹಿಡಿದ ಮೂಲೆ ಹಿಡಿದೇ ಇರಬೇಕು.

ಮೇಲಿನವರು ಮಾಡಿದ ನಿಯಮಗಳು ಬೇರೆ ಇದ್ದವು. ಲಿಫ್ಟ್ ಹತ್ತಬಾರದು. ಮುಂದಿನ ಬಾಗಿಲಲ್ಲಿ ಬರಬಾರದು. ಕ್ಯಾಂಟೀನಿನಲ್ಲಿ ಕೂರಬಾರದು. ಅವನ್ನೆಲ್ಲ ಗೋಡೆಗೆ ಅಂಟಿಸಿದ್ದರು. ಇದೊಂದನ್ನು ಮಾತ್ರ ಹೆಂಗಸರೇ ಮಾಡಿಕೊಂಡಿದ್ದರು, ತಮ್ಮ ಸೊಂಟ ಉಳಿಯಲಿ ಎಂದು.

ಬಟ್ಟೆಯ ನೀರು ಹಿಂಡುವ ಯಂತ್ರ ಕೆಟ್ಟು ಕೂತಿತ್ತು. ಕೇಳಿದಾಗಲೆಲ್ಲ ಮೇಸ್ತ್ರಿ "ರಿಪೇರಿಯವನು ನಾಳೆ ಬರ್ತಾನೆ" ಎನ್ನುತ್ತಿದ್ದ. ಆ ನಾಳೆಗೆ ಕಾದು ಕಾದು ಹೆಂಗಸರು ಯಂತ್ರದ ಮೇಲೆ ಊಟದ ಡಬ್ಬಿ ಇಡಲು ಶುರು ಮಾಡಿದ್ದರು. ಹಾಸಿಗೆಯ ಬಟ್ಟೆಗಳು ನೀರು ಕುಡಿದು ಹೆಣಭಾರವಾಗಿ ಹೊರಗೆ ಬರುತ್ತಿದ್ದವು. ಅವನ್ನು ದೊಡ್ಡ ಚಾದರದಲ್ಲಿ ಗುಡ್ಡೆ ಹಾಕಿ, ಎರಡೂ ಕಡೆ ಮೂಲೆ ಹಿಡಿದು, ಎದೆಮಟ್ಟಕ್ಕೆ ಎತ್ತಿ, ಒಣಗಿಸುವ ಯಂತ್ರದ ಬಾಯಿಗೆ ಸುರಿಯಬೇಕು. ದಿನವಿಡೀ ಇದೇ ಕೆಲಸ.

ಅಲ್ಲಿ ಕೆಲಸಕ್ಕಿದ್ದ ಅಕ್ಕ ತಂಗಿಯರಲ್ಲಿ ಅಕ್ಕನನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ಗಂಡ ಇನ್ನೊಬ್ಬಳ ಹಿಂದೆ ಹೋದ ಮಾರನೆಯ ದಿನವೇ ಕೆಲಸಕ್ಕೆ ಬಂದವಳು. ತಾಯಿ ಸತ್ತ ಮೇಲೆ ತಂಗಿಯನ್ನು ಸಾಕಿ, ಮೇಸ್ತ್ರಿಯ ಮುಂದೆ ಹಲ್ಲುಗಿಂಜಿ, ತನ್ನ ಜೊತೆಗೇ ಕೆಲಸಕ್ಕೆ ಸೇರಿಸಿಕೊಂಡವಳು. ಮೊದಲ ದಿನ ತಂಗಿಗೆ ಕಲಿಸಿದ್ದು ಈ ನಿಯಮವನ್ನೇ. ತಂಗಿ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ ಮನೆಯಲ್ಲಿ ಟೀ ಲೋಟ ಕೊಡುವಾಗಲೂ "ಬಿಡ್ತೀನಿ" ಎಂದು ಕಾಡುತ್ತಿದ್ದಳು. "ಬಿಡೇ, ಕೈ ಸುಡುತ್ತೆ" ಎಂದು ಅಕ್ಕ ಲೋಟ ಕಿತ್ತುಕೊಳ್ಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಆ ಬೆಳಿಗ್ಗೆ ಅಕ್ಕ ತಂಗಿ ಎತ್ತಿದ ಗಂಟು ಎದೆಯವರೆಗೆ ಬಂದಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತು, "ಏ ಚಿಕ್ಕವಳೇ, ಬಾ ಇಲ್ಲಿ" ಎಂದು ಕೂಗಿದ. ತಂಗಿ ಅತ್ತ ತಿರುಗಿದಳು. ಕೈ ಬಿಟ್ಟಳು.

"ಬಿಡ್ತೀನಿ" ಎಂಬ ಮಾತು ಬರಲಿಲ್ಲ. ಭಾರ ಬಂತು. ಅಷ್ಟೂ ಭಾರ ಅಕ್ಕನ ಎರಡು ಕೈಗೆ ಜೋತುಬಿತ್ತು. ಅವಳು ಗಂಟನ್ನು ಬಿಡಲಿಲ್ಲ. ಬಿಡಬೇಕೆಂದು ಹೊಳೆಯಲೇ ಇಲ್ಲ. ತಂಗಿಯ ಮಾತು ಕೇಳಿಸಿರಲಿಲ್ಲವಲ್ಲ, ಆ ಕಡೆ ತಂಗಿ ಇದ್ದಾಳೆಂದೇ ಅವಳ ಮೈ ನಂಬಿತ್ತು. ಸೊಂಟ ತಿರುಚಿತು. ಒಳಗೆ ಏನೋ ಲಟಕ್ಕೆಂದಿತು. ಕುಸಿದು ಕೂತಳು.

ಮೊದಲು ಅವಳಿಗೆ ನಗು ಬಂತು. ಗಟ್ಟಿಗಿತ್ತಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮಡಿಲಲ್ಲಿ ಒದ್ದೆ ಗಂಟು. "ಹೆರಿಗೆ ಆಯ್ತು ನೋಡ್ರೇ" ಅಂದಳು. ಯಾರೋ ನಕ್ಕರು. ಆಮೇಲೆ ಏಳಲು ನೋಡಿದಳು. ಕಾಲು ಮಾತು ಕೇಳಲಿಲ್ಲ. ತೊಡೆ ಚಿವುಟಿಕೊಂಡಳು. ಯಾರದೋ ತೊಡೆ ಚಿವುಟಿದ ಹಾಗಿತ್ತು.

"ಏಳೇ ಅಕ್ಕಾ" ಎಂದಳು ತಂಗಿ.

"ಏಳೋಕಾಗ್ತಿಲ್ಲ ಕಣೇ. ಕಾಲೇ ಇಲ್ಲ ಅನ್ಸುತ್ತೆ."

ತಂಗಿ ಮೆಟ್ಟಿಲು ಹತ್ತಿ ಓಡಿದಳು. ಬರಿಗೈಯಲ್ಲಿ ಬಂದಳು.

"ವೀಲ್‌ಚೇರ್ ಕೊಡಲ್ಲಂತೆ. ಅದು ಪೇಷಂಟಿಗಂತೆ. ಪೇಷಂಟ್ ಆಗ್ಬೇಕಾದ್ರೆ ಮುಂದಿನ ಬಾಗಿಲಿಗೆ ಬಂದು ಹೆಸರು ಬರೆಸ್ಬೇಕಂತೆ."

"ಮುಂದಿನ ಬಾಗಿಲಿಗೆ ಬರೋದು ಹೆಂಗೆ?"

"ನಾನೂ ಅದನ್ನೇ ಕೇಳ್ದೆ. ನಡ್ಕೊಂಡು ಬರೋಕೆ ಹೇಳು ಅಂದ್ರು."

ತಲೆಯ ಮೇಲೆ ಅಷ್ಟು ದೊಡ್ಡ ಆಸ್ಪತ್ರೆ ನಿಂತಿತ್ತು. ಅಲ್ಲಿನ ಪ್ರತಿ ಹಾಸಿಗೆಯ ಬಟ್ಟೆಯೂ ಇವಳ ಕೈಯಿಂದ ಮೇಲೆ ಹೋದದ್ದು. ಇವಳಿಗಾಗಿ ಒಂದು ಕುರ್ಚಿ ಕೆಳಗೆ ಇಳಿಯಲಿಲ್ಲ.

ಮೇಸ್ತ್ರಿ ಬಂದು ನೋಡಿದ. ಮೊದಲು ಅವಳ ಕಾಲನ್ನು ನೋಡಲಿಲ್ಲ, ಕೆಟ್ಟ ಯಂತ್ರವನ್ನು ನೋಡಿದ. ಆಮೇಲೆ ಉಳಿದ ಹೆಂಗಸರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಇಲ್ಲಿ ಬಿದ್ದಳು ಅಂತ ಮೇಲೆ ಗೊತ್ತಾದ್ರೆ ಎನ್‌ಕ್ವಯಿರಿ ಬರುತ್ತೆ. ಯಂತ್ರ ಯಾಕೆ ಕೆಟ್ಟಿದೆ ಅಂತಾರೆ. ನಮ್ಮ ಕಂಟ್ರಾಕ್ಟ್ ಕಿತ್ತು ಹಾಕ್ತಾರೆ. ಬೇರೆಯವನು ಬರ್ತಾನೆ, ಬೇರೆ ಹೆಂಗಸರನ್ನ ತರ್ತಾನೆ. ನೀವೆಲ್ಲ ಬೀದೀಲಿ."

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಯಂತ್ರದ ಹತ್ತಿರ ಸರಿದರು.

"ಮನೇಲಿ ಬಿದ್ದಳು ಅಂತ ಹೇಳಿ. ಹೊರಗಿಂದ ಕರ್ಕೊಂಡು ಬನ್ನಿ. ಎಲ್ಲಾ ಸಿಗುತ್ತೆ, ವೀಲ್‌ಚೇರು, ಸ್ಟ್ರೆಚರು, ರಾಜೋಪಚಾರ."

"ಸಾರ್, ನಾನು ಆಸ್ಪತ್ರೇಲೇ ಇದ್ದೀನಲ್ಲ. ಆಸ್ಪತ್ರೆಗೆ ಹೋಗೋಕೆ ಹೊರಗ್ಯಾಕೆ ಹೋಗ್ಬೇಕು?"

"ಒಳಗಿರೋರಿಗೆ ಕೆಲಸ. ಹೊರಗಿಂದ ಬರೋರಿಗೆ ಚಿಕಿತ್ಸೆ. ಇಷ್ಟೂ ಗೊತ್ತಾಗಲ್ವಾ?" ಎಂದ ಮೇಸ್ತ್ರಿ. ತಮಾಷೆಗೆ ಹೇಳಿದ್ದಲ್ಲ. ಬಗ್ಗಿ ಅವಳ ಕತ್ತಿನಲ್ಲಿದ್ದ ಕೆಲಸದ ಬಿಲ್ಲೆಯನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಈಗ ಹೂಂ ಅನ್ನು ಅಕ್ಕಾ. ಮೊದಲು ಒಳಗೆ ಸೇರ್ಕೊಳ್ಳೋಣ. ಡಾಕ್ಟ್ರ ಮುಂದೆ ನಾನೇ ನಿಜ ಹೇಳ್ತೀನಿ, ನಿನ್ನಾಣೆ."

ತಂಗಿ ಆಣೆ ಇಟ್ಟಿದ್ದಳು. ಅಕ್ಕ ಹೂಂ ಅಂದಳು.

ಅವಳನ್ನು ಕೊಳೆಗಾಡಿಗೆ ಹಾಕಿದರು. ವಾರ್ಡುಗಳಿಂದ ಕೊಳೆ ಬಟ್ಟೆ ತರುವ ತಗಡಿನ ಗಾಡಿ ಅದು. ಮೇಲೆ ರಕ್ತ, ಕೀವು, ವಾಂತಿ ಹತ್ತಿದ ಚಾದರಗಳನ್ನು ಹೊದಿಸಿದರು. ಹಿಂದಿನ ಗೇಟಿನ ಕಾವಲಿನವನಿಗೆ ಕಾಣಬಾರದಲ್ಲ. ಗಾಡಿ ಹೊರಟಿತು. ಈ ಗಾಡಿ ಬಂದರೆ ಜನ ಗೋಡೆಗೆ ಅಂಟಿಕೊಳ್ಳುತ್ತಾರೆ, ಮೂಗು ಮುಚ್ಚುತ್ತಾರೆ, ಮುಖ ತಿರುಗಿಸುತ್ತಾರೆ. ಇಷ್ಟು ವರ್ಷ ಅದನ್ನು ತಳ್ಳುವಾಗ ಅವಳಿಗೆ ಅದು ಅನುಕೂಲವೇ ಅನಿಸಿತ್ತು, ದಾರಿ ಬೇಗ ಸಿಗುತ್ತಿತ್ತು. ಈಗ ಒಳಗೆ ಮಲಗಿ ಅವಳಿಗೆ ಉಸಿರು ಕಟ್ಟಿತು. ಹೊರಗೆ ಚಪ್ಪಲಿಗಳು ಸರಿಯುವ ಸದ್ದು. ಒಬ್ಬ ಹೆಂಗಸು "ಥೂ" ಅಂದದ್ದು ಕೇಳಿಸಿತು. ಒಳಗೆ ಮನುಷ್ಯಳೊಬ್ಬಳಿದ್ದಾಳೆ ಎಂದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ತಳ್ಳುತ್ತಿದ್ದ ತಂಗಿಗೆ ಗೊತ್ತಿತ್ತು.

ಫುಟ್‌ಪಾತಿನ ಮೇಲೆ ಗಾಡಿ ಎಗರಿ ಎಗರಿ ಬಿತ್ತು. ಸೊಂಟದಲ್ಲಿ ಬೆಂಕಿ ಹತ್ತಿಕೊಂಡಿತು. ಕಾಲಿಗೆ ಮಾತ್ರ ಏನೂ ಆಗಲಿಲ್ಲ. ನೋವಿಗಿಂತ ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಮುಂದಿನ ಗೇಟಿನ ಹೊರಗೆ, ಗೋಡೆಗೆ ಒರಗಿಸಿ ಅವಳನ್ನು ನೆಲಕ್ಕೆ ಇಳಿಸಿದರು. ಮೇಸ್ತ್ರಿ ಗಾಡಿ ಎಳೆದುಕೊಂಡು ಮಾಯವಾದ. ತಂಗಿ ಒಳಗೆ ಹೋಗಿ ಬೇಡಿ ಕಾಡಿ ಒಂದು ವೀಲ್‌ಚೇರ್ ತಂದಳು. ಅದರಲ್ಲಿ ಪಾದ ಇಡುವ ತಟ್ಟೆಗಳು ಕಿತ್ತುಹೋಗಿದ್ದವು. ಕೂರಿಸಿದರೆ ಪಾದಗಳು ನೆಲಕ್ಕೆ ಉಜ್ಜುತ್ತಿದ್ದವು. ಹೆಬ್ಬೆರಳಿನ ತೊಗಲು ಕಿತ್ತು ರಕ್ತ ಬಂತು. ಅವಳಿಗೆ ಗೊತ್ತಾಗಲಿಲ್ಲ. ನೆಲದ ಮೇಲೆ ಕೆಂಪು ಗೆರೆ ಕಂಡ ಮೇಲೆ ತಂಗಿ ತನ್ನ ಟವೆಲಿನಿಂದ ಎರಡೂ ಕಾಲನ್ನು ಸೇರಿಸಿ ಕುರ್ಚಿಗೆ ಕಟ್ಟಿದಳು. ಹಾಕಿದ ಗಂಟನ್ನೇ ಬಿಚ್ಚಿ ಬಿಚ್ಚಿ ಮತ್ತೆ ಹಾಕಿದಳು. ಪಾಪ, ನನಗಾಗಿ ಹೆದರಿದ್ದಾಳೆ ಎಂದುಕೊಂಡಳು ಅಕ್ಕ. ಆ ಸಂಕಟದಲ್ಲೂ ತಂಗಿಯ ತಲೆ ಸವರಿದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಇನ್ನೂ ಚಿಕ್ಕವಳು, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಯಾರದೋ ಕೈಗೆ ಹೊಲಿಗೆ ಹಾಕುತ್ತಲೇ ಕೇಳಿದಳು.

"ಏನಾಯ್ತು?"

ಅಕ್ಕ ತಂಗಿಯ ಕಡೆ ನೋಡಿ ತಲೆಯಾಡಿಸಿದಳು. ಹೇಳು ಎಂಬಂತೆ.

"ಮನೇಲಿ ಬಿದ್ದಳು ಡಾಕ್ಟ್ರೇ" ಎಂದಳು ತಂಗಿ. "ಒಂದು ವಾರದಿಂದ ಕಾಲು ಸೋಲ್ತಾ ಇತ್ತು. ಗೋಡೆ ಹಿಡ್ಕೊಂಡು ಓಡಾಡ್ತಾ ಇದ್ದಳು. ಇವತ್ತು ಬಚ್ಚಲಲ್ಲಿ ಕೂತುಬಿಟ್ಟಳು."

ಅಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೆದರಿ ತೊದಲಿದ ಸುಳ್ಳಾಗಿದ್ದರೆ ಹೇಗೋ ಸಹಿಸುತ್ತಿದ್ದಳು. ಇದರಲ್ಲಿ ಗೋಡೆ ಇತ್ತು, ಬಚ್ಚಲು ಇತ್ತು, ವಾರವಿತ್ತು. ಯಾರೋ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ ಸುಳ್ಳು.

"ಒಂದು ವಾರದಿಂದಾನಾ?" ಡಾಕ್ಟರಮ್ಮ ತಲೆಯೆತ್ತಲಿಲ್ಲ. "ಹಾಗಾದ್ರೆ ಇದು ಎಮರ್ಜೆನ್ಸಿ ಅಲ್ಲ. ಮೂಳೆ ಡಾಕ್ಟ್ರು ಸೋಮವಾರ ಸಿಗ್ತಾರೆ, ಅವತ್ತು ಕರ್ಕೊಂಡು ಬನ್ನಿ. ನೋವಿಗೆ ಮಾತ್ರೆ ಕೊಡ್ತಾರೆ. ಮುಂದಿನವರು?"

"ಸುಳ್ಳು" ಎಂದಳು ಅಕ್ಕ. "ಡಾಕ್ಟ್ರಮ್ಮಾ, ಇವತ್ತೇ ಆಗಿದ್ದು. ಇಲ್ಲೇ ಆಗಿದ್ದು."

"ನೋವಿಗೆ ಏನೇನೋ ಮಾತಾಡ್ತಾಳೆ" ಎಂದು ತಂಗಿ ಕುರ್ಚಿಯನ್ನು ತಿರುಗಿಸಿಬಿಟ್ಟಳು. ಡಾಕ್ಟರಮ್ಮನ ಬೆನ್ನು ಕಂಡಿತು. ಮುಂದಿನವರು ಆಗಲೇ ಅಳುತ್ತ ನುಗ್ಗಿದ್ದರು.

ಬಾಗಿಲ ಹತ್ತಿರ ಅಕ್ಕ ಕತ್ತು ತಿರುಗಿಸಿ ಕೇಳಿದಳು. "ಯಾಕೇ?"

"ಇಬ್ಬರ ಕೆಲಸಾನೂ ಹೋಗುತ್ತೆ ಅಕ್ಕಾ. ಒಬ್ಬಳದಾದ್ರೂ ಉಳೀಲಿ. ನಿನ್ನ ನೋಡ್ಕೊಳ್ಳೋರು ಯಾರು ಮತ್ತೆ? ಮೇಸ್ತ್ರಿ ನನ್ನ ಇಸ್ತ್ರಿ ಕೋಣೆಗೆ ಹಾಕ್ತಾರಂತೆ. ಒಣ ಕೆಲಸ. ಕೂತು ಮಾಡೋದು."

"ಯಾವಾಗ ಅಂದ?"

ಅಕ್ಕನಿಗೆ ಉತ್ತರ ತಾನಾಗಿ ಹೊಳೆಯಿತು. "ಏ ಚಿಕ್ಕವಳೇ, ಬಾ ಇಲ್ಲಿ." ಇಸ್ತ್ರಿ ಕೋಣೆಯ ಆಸೆ ತಂಗಿಗೆ ಇವತ್ತಿನದಲ್ಲ. ಆ ಕೂಗಿಗಾಗಿ ಎಷ್ಟು ದಿನದಿಂದ ಕಿವಿ ನಿಮಿರಿಸಿಕೊಂಡಿದ್ದಳೋ. ಕೂಗು ಬಂದ ತಕ್ಷಣ ಕೈ ಸಡಿಲಾಗಿತ್ತು.

"ಗಂಟು ಬಿಡುವಾಗ ನನಗೆ ಹೇಳಿದೆಯೇನೇ?"

"ಹೇಳ್ದೆ."

"ಏನು ಹೇಳ್ದೆ?"

"ಬಿಡ್ತೀನಿ ಅಂದೆ ಅಕ್ಕಾ. ಯಂತ್ರದ ಸದ್ದಲ್ಲಿ ನಿನಗೆ ಕೇಳಿಸಿಲ್ಲ."

ಮನೆಯಲ್ಲಿ ಬಿದ್ದಳು ಎಂದದ್ದನ್ನು ಅಕ್ಕ ನುಂಗಿಕೊಳ್ಳುತ್ತಿದ್ದಳೋ ಏನೋ. ಹೊಟ್ಟೆಪಾಡು, ಮೇಸ್ತ್ರಿಯ ಹೆದರಿಕೆ, ಏನಾದರೂ ಒಂದು ಹೇಳಿ ಮನಸ್ಸನ್ನು ಒಪ್ಪಿಸುತ್ತಿದ್ದಳು. ಇದನ್ನು ಒಪ್ಪಿಸಲು ಆಗಲಿಲ್ಲ. ಈ ನಿಯಮ ಮೇಸ್ತ್ರಿಯದಲ್ಲ, ಆಸ್ಪತ್ರೆಯದಲ್ಲ. ಬಡವರು ಬಡವರಿಗೆ ಕೊಟ್ಟ ಮಾತು. ಅದನ್ನು ಮುರಿದಳು. ಮುರಿದು, ತಪ್ಪು ನಿನ್ನ ಕಿವಿಯದು ಎನ್ನುತ್ತಿದ್ದಾಳೆ. ತನ್ನ ಕೈತುತ್ತು ತಿಂದು ಬೆಳೆದವಳು.

ಕುರ್ಚಿ ಬಾಗಿಲು ದಾಟುತ್ತಿತ್ತು. ಅಕ್ಕ ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಳು.

"ಅಕ್ಕಾ, ಕೈ ತೆಗಿ."

"ತೆಗಿಯಲ್ಲ."

ಹಿಂದಿನಿಂದ ಒಂದು ಸ್ಟ್ರೆಚರ್ ಬಂತು. ದಾರಿ ಇರಲಿಲ್ಲ. ಎದುರಿನಿಂದ ಎದೆ ಹಿಡಿದುಕೊಂಡ ಒಬ್ಬ ಗಂಡಸು, ಅವನ ಹೆಂಡತಿ. "ದಾರಿ ಬಿಡಮ್ಮಾ" ಎಂದರು. ಗದರಿದರು. ವಾರ್ಡ್‌ಬಾಯ್ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಒದ್ದೆ ಚಾದರ ಹಿಂಡಿ ಹಿಂಡಿ ಗಂಟುಗಟ್ಟಿದ ಬೆರಳುಗಳು, ಅವನ ಕೈಲಿ ಕದಲಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಮೇಸ್ತ್ರಿ ನಿಂತಿದ್ದ. ಬಾಯಿ ಮುಚ್ಚು ಎಂದು ದೂರದಿಂದಲೇ ಸನ್ನೆ ಮಾಡಿದ.

ಅಕ್ಕ ಬಾಯಿ ತೆರೆದಳು.

"ಕೇಳ್ರೋ! ನಾನು ನಿಮ್ಮ ಬಟ್ಟೆ ಒಗೆಯೋಳು. ನೆಲಮಾಳಿಗೆಯೋಳು. ನಿಮ್ಮ ಹೆಂಡ್ತೀರು ಹೆತ್ತ ರಕ್ತ ತೊಳ್ದೆ. ನಿಮ್ಮಪ್ಪಂದಿರ ಹೇಲು ತೊಳ್ದೆ. ಸತ್ತೋರ ಹಾಸಿಗೆ ತೊಳೆದು ಬದುಕಿರೋರಿಗೆ ಕೊಟ್ಟೆ. ಇವತ್ತು ನಿಮ್ಮ ಚಾದರ ಎತ್ತುವಾಗ ನನ್ನ ಕಾಲು ಹೋಯ್ತು. ಒಂದು ಕುರ್ಚಿ ಕೊಡಲಿಲ್ಲ. ಕೊಳೆಗಾಡೀಲಿ ಹಾಕಿ ಹೊರಗೆ ಎಸೆದರು. ಮನೇಲಿ ಬಿದ್ದೆ ಅನ್ನು ಅಂದರು. ನಾನು ಅನ್ನಲ್ಲ. ಇಲ್ಲಿ ಬಿದ್ದೆ. ಇಲ್ಲೇ ಬಿದ್ದೆ! ಇವತ್ತು ಬಿದ್ದೆ! ಸೋಮವಾರದವರೆಗೆ ಈ ಬಾಗಿಲಲ್ಲೇ ಕೂರ್ತೀನಿ. ನಾನು ನಡೀಲಿಲ್ಲ ಅಂದ್ರೆ ಇಲ್ಲಿ ಯಾರೂ ನಡೆಯೋದು ಬೇಡ!"

ಎದೆ ಹಿಡಿದವನ ಹೆಂಡತಿ ಹಿಂದೆ ಸರಿದು ಮೂಗು ಮುಚ್ಚಿದಳು. "ಅಯ್ಯೋ, ನೋಡಿ, ಕೂತಲ್ಲೇ ಮಾಡ್ಕೊಂಡಿದ್ದಾಳೆ."

ಕುರ್ಚಿಯ ಕೆಳಗೆ ನೀರು ಹರಿದಿತ್ತು. ಅಕ್ಕ ಬಗ್ಗಿ ನೋಡಿದಳು. ಯಾರದು ಎಂದು ಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದಾಗ ಮುಖ ಕಾದ ಹಂಚಿನಂತೆ ಬಿಸಿಯಾಯಿತು. ಅಷ್ಟು ಜನರ ನಡುವೆ. ಕಾಲು ಹೋದಾಗ ಬಾರದ ಅಳು ಈಗ ಬಂತು. ಆದರೆ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ.

ವಯಸ್ಸಾದ ಒಬ್ಬ ನರ್ಸ್ ನೀರು ದಾಟಿ ಹತ್ತಿರ ಬಂದಳು. ಬೈಯಲು ಬಂದವಳೇ. ಅಕ್ಕನ ಮುಖ ನೋಡಿ ದನಿ ತಗ್ಗಿಸಿದಳು.

"ಒಂದಕ್ಕೆ ಅವಸರವಾಗಿದ್ದು ಗೊತ್ತಾಗಲಿಲ್ವಾ?"

"ಇಲ್ಲ."

"ಈಗ ಒದ್ದೆಯಾಗಿರೋದು ಗೊತ್ತಾಗ್ತಿದೆಯಾ?"

"ಇಲ್ಲ ಸಿಸ್ಟರ್. ಏನೂ ಗೊತ್ತಾಗ್ತಿಲ್ಲ."

ನರ್ಸ್ ತಿರುಗಿ ಡಾಕ್ಟರಮ್ಮನನ್ನು ಕೂಗಿದಳು. ಆ ಕೂಗಿಗೆ ಡಾಕ್ಟರಮ್ಮ ಹೊಲಿಗೆ ಬಿಟ್ಟು ಬಂದಳು. ಟವೆಲು ಬಿಚ್ಚಿದಳು. ಸೂಜಿಯಿಂದ ಪಾದ, ಮೀನಖಂಡ, ತೊಡೆ ಚುಚ್ಚುತ್ತ ಹೋದಳು. ಅಕ್ಕ ಸುಮ್ಮನೆ ನೋಡುತ್ತಿದ್ದಳು. ಡಾಕ್ಟರಮ್ಮನ ಮುಖದ ನಿದ್ದೆ ಪೂರ್ತಿ ಹಾರಿಹೋಯಿತು.

"ಇದು ಒಂದು ವಾರದ್ದಾದ್ರೆ ನನ್ನ ಕೈಲಿ ಏನೂ ಇಲ್ಲ. ಇವತ್ತಿನದಾದ್ರೆ ಈಗಲೇ ಆಪರೇಷನ್ ಆಗ್ಬೇಕು, ಒಂದು ನಿಮಿಷ ತಡ ಮಾಡಬಾರದು. ನಿಜ ಹೇಳಿ, ಯಾವಾಗ ಆಗಿದ್ದು?"

ಕೇಳಿದ್ದು ತಂಗಿಯನ್ನು. ಕಾಲಿಲ್ಲದವಳ ಮಾತಿಗಿಂತ ಕಾಲಿದ್ದವಳ ಮಾತಿಗೇ ಅಲ್ಲಿ ತೂಕ. ತಂಗಿ ಕಾರಿಡಾರಿನ ಕೊನೆಗೆ ನೋಡಿದಳು. ಮೇಸ್ತ್ರಿ ಇನ್ನೂ ಅಲ್ಲೇ ಇದ್ದ.

"ಮೊದಲು ಮಂಚಕ್ಕೆ ಹಾಕಿ" ಎಂದಳು ನರ್ಸ್. ಈಗ ಅಕ್ಕ ಚೌಕಟ್ಟು ಬಿಟ್ಟಳು; ಅವಳ ಕೆಳಗೆ ಒಂದು ಚಾದರ ಸೇರಿಸಿದರು. ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ವಾರ್ಡ್‌ಬಾಯ್ ಒಂದು ಹಿಡಿದ. ನರ್ಸ್ ಒಂದು. ಡಾಕ್ಟರಮ್ಮ ಒಂದು. ತಲೆಯ ಕಡೆಯ ಮೂಲೆಗೆ ತಂಗಿ ಬಂದು ಕೈ ಹಾಕಿದಳು. ರೂಢಿಯ ಕೈ, ಚಾದರದ ತುದಿಯನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಹಿಡಿಯಿತು.

"ಅವಳು ಬೇಡ" ಎಂದಳು ಅಕ್ಕ.

"ಯಾಕೆ?" ಡಾಕ್ಟರಮ್ಮ ಕೇಳಿದಳು.

"ಅವಳು ಹೇಳದೆ ಬಿಡ್ತಾಳೆ. ಬೆಳಿಗ್ಗೆ ಹಂಗೇ ಬಿಟ್ಟಳು. ಒದ್ದೆ ಗಂಟು ಎತ್ತಿ ಹಿಡಿದಿದ್ವಿ, ಹೇಳದೆ ಬಿಟ್ಟಳು. ಅಷ್ಟೂ ನನ್ನ ಮೇಲೆ ಬಂತು. ಬೇಕಾದ್ರೆ ಕೇಳಿ, ಇಲ್ಲೇ ಇದ್ದಾಳಲ್ಲ."

ಬಿಗಿಯಾಗಿ ಹಿಡಿದಿದ್ದ ತಂಗಿಯ ಕೈ ಚಾದರದಿಂದ ತಾನಾಗಿ ಕಳಚಿಕೊಂಡಿತು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಡಾಕ್ಟರಮ್ಮ ಅದನ್ನು ನೋಡಿದಳು. "ಇವತ್ತಿನದೇ. ಆಪರೇಷನ್‌ಗೆ ರೆಡಿ ಮಾಡಿ" ಎಂದಳು. ಎದೆ ಹಿಡಿದವನ ಹೆಂಡತಿ, ಮೂಗು ಮುಚ್ಚಿದ್ದವಳು, ಏನನ್ನಿಸಿತೋ, ಬಂದು ನಾಲ್ಕನೆಯ ಮೂಲೆ ಹಿಡಿದಳು. ಎತ್ತಿದರು.

ಮೇಸ್ತ್ರಿ ಈಗ ಕಾರಿಡಾರಿನಲ್ಲಿ ಇರಲಿಲ್ಲ.

ಆಪರೇಷನ್ ಕೋಣೆಯವರೆಗೆ ಡಾಕ್ಟರಮ್ಮ ಜೊತೆಗೇ ನಡೆದಳು. "ಕಾಲು ಬರುತ್ತೆ ಅಂತ ಮಾತು ಕೊಡಲ್ಲ" ಎಂದಳು. "ಮೊದಲೇ ಬಂದಿದ್ರೆ ಕೊಡ್ತಿದ್ದೆನೇನೋ."

"ಮೊದಲೇ ಬಂದಿದ್ದೆ" ಎಂದಳು ಅಕ್ಕ.

ಗಾಲಿಮಂಚದ ಇನ್ನೊಂದು ಪಕ್ಕ ತಂಗಿ ಓಡುತ್ತಿದ್ದಳು. ಅಕ್ಕನ ಕೈ ಹಿಡಿದಿದ್ದಳು. ಯಾವಾಗ ಹಿಡಿದಳೋ, ಅಕ್ಕ ಗಮನಿಸಿರಲಿಲ್ಲ. ದೊಡ್ಡ ಬಾಗಿಲು ಬಂತು.

"ಇಲ್ಲಿಗೆ ಸಾಕು. ಕೈ ಬಿಡಿ" ಎಂದಳು ನರ್ಸ್.

ತಂಗಿ ಬಗ್ಗಿದಳು. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. "ಅಕ್ಕಾ, ಬಿಡ್ತೀನಿ."

ಈ ಸಲ ಹೇಳಿದಳು. ಹೇಳಿ, ಎದುರಿನ ಮಾತಿಗೆ ಕಾದು ನಿಂತಳು. ಅಕ್ಕ ಮೇಲಿನ ದೀಪ ನೋಡುತ್ತ ಮಲಗಿದ್ದಳು.

"ಬಿಡಿ ಅಂದ್ನಲ್ಲ" ಎಂದು ನರ್ಸ್ ಗದರಿದಳು.

"ಅಕ್ಕಾ, ಬಿಡು ಅನ್ನೇ. ಒಂದೇ ಒಂದು ಸಲ ಅನ್ನೇ."

ಅಕ್ಕ ತನ್ನ ಕೈಯನ್ನು ತಾನೇ ಎಳೆದುಕೊಂಡು ಚಾದರದ ಒಳಗೆ ಇಟ್ಟುಕೊಂಡಳು.